ಕಾಣದ ಸಿರೆಯೂ ಸುಶ್ರುತನ ವಿಧಿಯೂ

ರಕ್ತಪರೀಕ್ಷೆಗೆಂದು ಹೋದವರಲ್ಲಿ ಕೆಲವರ ಸಿರೆಗಳು ಕಣ್ಣಿಗೆ ಕಾಣವು, ಬೆರಳಿಗೂ ಸಿಕ್ಕವು. ವೃದ್ಧರೂ ಸ್ಥೂಲಕಾಯರೂ ದೀರ್ಘರೋಗಿಗಳೂ ಎರಡು ಮೂರು ಬಾರಿ ಸೂಜಿಯ ಬಾಧೆಯನ್ನು ಸಹಿಸಬೇಕಾಗುವುದುಂಟು. "ನಿಮ್ಮ ನರವೇ ಸಿಕ್ಕುವುದಿಲ್ಲ" ಎಂಬ ಮಾತನ್ನೂ ಕೇಳಬೇಕಾಗುವುದುಂಟು. ಈ ಕಷ್ಟವು ಹೊಸದಲ್ಲ. ಆದರೆ ನಮ್ಮ ಪ್ರಾಚೀನರು ಇದನ್ನು ರೋಗಿಯ ಅಪರಾಧವೆಂದು ಎಣಿಸಲಿಲ್ಲ.

ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ 8ನೆಯ ಅಧ್ಯಾಯವು ಸಿರಾವ್ಯಧಕ್ಕೇ ಮೀಸಲಾದುದು. ಅಲ್ಲಿ ರಕ್ತವನ್ನು ತೆಗೆಯುವುದು ಪರೀಕ್ಷೆಗಲ್ಲ, ಚಿಕಿತ್ಸೆಗೆ. ಆದರೂ ಸಿರೆಯನ್ನು ಹಿಡಿಯುವ ಕಷ್ಟವು ಒಂದೇ. ಮೊದಲು ರೋಗಿಗೆ ಸ್ನೇಹಸ್ವೇದಗಳನ್ನು ಮಾಡಿಸಿ, ದ್ರವಪ್ರಾಯವಾದ ಅನ್ನವನ್ನೋ ಗಂಜಿಯನ್ನೋ ಕೊಡಬೇಕು. ಕೈಯ ಸಿರೆಯಾದರೆ, ರೋಗಿಯನ್ನು ಸುಖವಾಗಿ ಕುಳ್ಳಿರಿಸಿ, ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಹಿಡಿಸಬೇಕು. ಬಟ್ಟೆ, ಚರ್ಮ, ನಾರು, ಬಳ್ಳಿ ಇವುಗಳಲ್ಲೊಂದರಿಂದ, ಅತಿ ಬಿಗಿಯೂ ಅತಿ ಸಡಿಲವೂ ಆಗದಂತೆ ಕಟ್ಟಬೇಕು. ಹೇಮಂತದಲ್ಲಿ ಮಧ್ಯಾಹ್ನವೇ ತಕ್ಕ ಕಾಲ. ಕಾಣದ ಸಿರೆಯನ್ನೂ, ಕಟ್ಟಿದ ಮೇಲೂ ಉಬ್ಬದ ಸಿರೆಯನ್ನೂ ಚುಚ್ಚಕೂಡದೆಂದು ಸ್ಪಷ್ಟವಾದ ನಿಷೇಧವಿದೆ.

ಕಟ್ಟು ಬಿಗಿಯಾಗಬಾರದೇಕೆ? ಇಂಗ್ಲೆಂಡಿನ ವಿಲಿಯಂ ಹಾರ್ವೆಯು 1628ರಲ್ಲಿ ಪ್ರಕಟಿಸಿದ ರಕ್ತಪರಿಚಲನೆಯ ಗ್ರಂಥದಿಂದ ಇದರ ಕಾರಣವು ತಿಳಿಯುತ್ತದೆ. ಹದವಾದ ಕಟ್ಟು ಆಳದಲ್ಲಿರುವ ಧಮನಿಯನ್ನು ತಡೆಯದೆ, ಹೃದಯಕ್ಕೆ ಹಿಂದಿರುಗುವ ಸಿರೆಯನ್ನು ಮಾತ್ರ ತಡೆಯುತ್ತದೆ; ಆದುದರಿಂದ ಕಟ್ಟಿನ ಕೆಳಗೆ ಸಿರೆಯು ತುಂಬಿ ಉಬ್ಬುತ್ತದೆ. ಅತಿ ಬಿಗಿದರೆ ಧಮನಿಯೂ ಮುಚ್ಚಿ, ಸಿರೆಗೆ ರಕ್ತವೇ ಬಾರದು.

ಇಂದಿನ ಕ್ರಮವೂ ಬಹುಮಟ್ಟಿಗೆ ಇದೇ. ವೈದ್ಯರ ನಿಷೇಧವಿಲ್ಲದಿದ್ದರೆ ಮೊದಲೇ ಸಾಕಷ್ಟು ನೀರು ಕುಡಿಯುವುದು, ಬಿಸಿಬಟ್ಟೆಯಿಂದ ಕೈಯನ್ನು ಬೆಚ್ಚಗೆ ಮಾಡುವುದು, ತುಸು ಹೊತ್ತು ಕೈಯನ್ನು ಕೆಳಕ್ಕೆ ಇಳಿಬಿಡುವುದು, ಕಣ್ಣಿಗಿಂತ ಬೆರಳನ್ನು ನಂಬಿ ಸಿರೆಯನ್ನು ಅರಸುವುದು, ಇವು ಉಪಯುಕ್ತ. ಕಟ್ಟನ್ನು 1 ನಿಮಿಷಕ್ಕಿಂತ ಹೆಚ್ಚು ಇಡಬಾರದು. ಮುಷ್ಟಿಯನ್ನು ಪದೇ ಪದೇ ಬಿಗಿದು ಬಿಡುವುದೂ ತರವಲ್ಲ, ಅದರಿಂದ ರಕ್ತದ ಪೊಟ್ಯಾಸಿಯಂ ಪ್ರಮಾಣವು ಹೆಚ್ಚಾಗಿ ತೋರೀತು. ಅತಿರಕ್ತ ಕಿರಣಗಳಿಂದ ಸಿರೆಯ ದಾರಿಯನ್ನು ಚರ್ಮದ ಮೇಲೆ ಮೂಡಿಸುವ ಯಂತ್ರಗಳೂ ಈಗ ಬಂದಿವೆ.

ಯಂತ್ರವಿದ್ದರೂ ಕೈಗೆ ವಿನಯ ಬೇಕು. ಸಿರೆಗಳು ಸ್ವಭಾವತಃ ಚಂಚಲವಾಗಿದ್ದು ಮೀನಿನಂತೆ ಜಾರುವುದರಿಂದ, ಅವುಗಳ ವಿಷಯದಲ್ಲಿ ಪೂರ್ಣಶಿಕ್ಷಿತನೆಂಬವನೇ ಇಲ್ಲವೆಂದು ಸುಶ್ರುತನು ಶಿಷ್ಯರಿಗೆ ಎಚ್ಚರಿಕೆ ಕೊಟ್ಟಿದ್ದಾನೆ. ಅದೇ ಅಧ್ಯಾಯದಲ್ಲಿ ಅವನು ಎಣಿಸಿರುವ 20 ದುಷ್ಟವ್ಯಧಗಳು ಚುಚ್ಚುವಿಕೆಯ ದೋಷಗಳೇ ಹೊರತು ರೋಗಿಯ ತೋಳಿನ ದೋಷಗಳಲ್ಲ. ಸೂಜಿ ಹಿಡಿದವರು ಇದನ್ನು ನೆನೆದರೆ, ತೋಳು ಚಾಚಿದವರ ಅಂಜಿಕೆಯು ಅರ್ಧ ಕಳೆದೀತು.