ಅಪರಿಗ್ರಹ: ಐದನೆಯ ಯಮದ ಅರ್ಥ

ಯೋಗವೆಂದೊಡನೆ ಇಂದು ನಮ್ಮ ಕಣ್ಣಮುಂದೆ ಮೂಡುವುದು ಆಸನ ಮತ್ತು ಪ್ರಾಣಾಯಾಮ. ಆದರೆ ಪತಂಜಲಿ ಮಹರ್ಷಿಗಳು ಯೋಗಸೂತ್ರದಲ್ಲಿ ಹೇಳಿರುವ ಎಂಟು ಅಂಗಗಳಲ್ಲಿ ಆಸನದ್ದು ಮೂರನೆಯ ಸ್ಥಾನ. ಮೊದಲನೆಯದು ಯಮ, ಎರಡನೆಯದು ನಿಯಮ. ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ ಎಂಬ ಐದು ಯಮಗಳನ್ನು ಸಾಧನಪಾದದ 30ನೆಯ ಸೂತ್ರವು ಹೆಸರಿಸುತ್ತದೆ. ಕೊನೆಯದಾದ ಅಪರಿಗ್ರಹವನ್ನು ‘ಏನನ್ನೂ ಇಟ್ಟುಕೊಳ್ಳದಿರುವುದು’ ಎಂದು ತಿಳಿದು, ಅದು ಸಂನ್ಯಾಸಿಗಳಿಗೆ ಸೇರಿದ ಮಾತು, ಸಂಸಾರಸ್ಥರಿಗಲ್ಲ ಎಂದು ಬದಿಗಿಡುವವರೇ ಹೆಚ್ಚು. ಆ ಪದದ ನಿಜವಾದ ವ್ಯಾಪ್ತಿ ಏನೆಂಬುದನ್ನು ಇಲ್ಲಿ ನೋಡೋಣ.

‘ಗ್ರಹ್’ ಧಾತುವಿಗೆ ಹಿಡಿ, ತೆಗೆದುಕೊ ಎಂದು ಅರ್ಥ. ನಾವು ದಿನವೂ ಬಳಸುವ ಸಂಗ್ರಹ, ಆಗ್ರಹ, ಗ್ರಹಣ ಮುಂತಾದ ಪದಗಳು ಇದರಿಂದಲೇ ಹುಟ್ಟಿದವು. ‘ಪರಿ’ ಎಂದರೆ ಸುತ್ತಲೂ. ಆದ್ದರಿಂದ ಪರಿಗ್ರಹವೆಂದರೆ ಸುತ್ತಲಿನದನ್ನೆಲ್ಲ ತನ್ನದಾಗಿ ಹಿಡಿದುಕೊಳ್ಳುವುದು. ಸ್ವೀಕಾರ, ಆಸ್ತಿ, ಪರಿವಾರ, ಪತ್ನಿ ಎಂಬ ಅರ್ಥಗಳೂ ಆ ಪದಕ್ಕೆ ಸಂಸ್ಕೃತದಲ್ಲಿ ಉಂಟು. ಅದನ್ನು ನಿಷೇಧಿಸುವುದು ಅಪರಿಗ್ರಹ. ಭಗವದ್ಗೀತೆಯ 6ನೆಯ ಅಧ್ಯಾಯವೂ ಧ್ಯಾನಕ್ಕೆ ಕುಳಿತ ಯೋಗಿಯ ಲಕ್ಷಣಗಳಲ್ಲಿ ಇದನ್ನು ಸೇರಿಸಿದೆ.

ಅಸ್ತೇಯಕ್ಕೂ ಅಪರಿಗ್ರಹಕ್ಕೂ ಇರುವ ಭೇದವನ್ನು ಗಮನಿಸಬೇಕು. ಪರರ ವಸ್ತುವನ್ನು ಕದಿಯದಿರುವುದು ಅಸ್ತೇಯ. ನ್ಯಾಯವಾಗಿಯೇ ದೊರಕುವುದನ್ನು ಸಹ ಅಗತ್ಯಕ್ಕೆ ಮೀರಿ ಕೂಡಿಹಾಕದಿರುವುದು ಅಪರಿಗ್ರಹ. 1930ರಲ್ಲಿ ಪುಣೆಯ ಯೆರವಡಾ ಸೆರೆಮನೆಯಿಂದ ಆಶ್ರಮವಾಸಿಗಳಿಗೆ ಬರೆದ ಪತ್ರಗಳಲ್ಲಿ ಗಾಂಧೀಜಿಯವರು ಇವೆರಡನ್ನೂ ಒಂದಕ್ಕೊಂದು ಹೆಣೆದರು. ಬೇಕಿಲ್ಲದ ವಸ್ತುವನ್ನು ಇಟ್ಟುಕೊಂಡರೆ, ಕದ್ದು ತಂದದ್ದಲ್ಲದಿದ್ದರೂ ಅದು ಕಳವಿನ ಮಾಲಿಗೆ ಸಮವೆಂಬುದು ಅವರ ನಿಲುವು.

ಯೋಗಸೂತ್ರದ ವ್ಯಾಸಭಾಷ್ಯವು ವಿಷಯಗಳಲ್ಲಿ ಐದು ದೋಷಗಳನ್ನು ಕಾಣುತ್ತದೆ: ಗಳಿಸುವ ಶ್ರಮ, ಕಾಯುವ ಚಿಂತೆ, ಕಳೆದುಕೊಳ್ಳುವ ದುಃಖ, ಅಂಟಿಕೊಳ್ಳುವ ಮೋಹ, ಇತರರಿಗಾಗುವ ಹಿಂಸೆ. ಇವನ್ನು ಕಂಡು ವಸ್ತುಗಳನ್ನು ಸ್ವೀಕರಿಸದಿರುವುದೇ ಅಪರಿಗ್ರಹವೆಂದು ಭಾಷ್ಯಕಾರರು ಹೇಳುತ್ತಾರೆ. ಬ್ಯಾಂಕಿನ ಮೇಜಿನ ಹಿಂದೆ ಕುಳಿತು ಬಹುಕಾಲ ಕಳೆದಿರುವ ನಮಗೆ ಈ ಪಟ್ಟಿಯನ್ನು ಓದುವಾಗ ಪರಿಚಿತ ಮುಖಗಳೇ ಕಣ್ಣಿಗೆ ಬರುತ್ತವೆ. ಪತಿ ಗತಿಸಿದ ಮೇಲೆ ಹಳೆಯ ರಸೀದಿಗಳ ಕಟ್ಟನ್ನು ಹಿಡಿದು ಬಂದು, ಯಾವ ಠೇವಣಿ ಎಲ್ಲಿದೆಯೆಂದು ತಿಳಿಯದೆ ನಿಂತ ತಾಯಂದಿರನ್ನು ಕಂಡಿದ್ದೇವೆ. ಒಂದು ಲಾಕರಿನ ಬೀಗದ ಕೈಗಾಗಿ ಮಾತು ಬಿಟ್ಟ ಒಡಹುಟ್ಟಿದವರನ್ನೂ ಕಂಡಿದ್ದೇವೆ. 2014ರಿಂದೀಚೆಗೆ, 10 ವರ್ಷ ಯಾರೂ ಕೇಳದೆ ಉಳಿದ ಠೇವಣಿಯನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ಪ್ರತ್ಯೇಕ ನಿಧಿಗೆ ವರ್ಗಾಯಿಸಬೇಕು. ವಾರಸುದಾರರು ಬಂದು ಕೇಳಿದರೆ ಆ ಹಣ ಮರಳಿ ಸಿಗುತ್ತದೆ. ಆದರೆ ಕೂಡಿಟ್ಟವರ ಪಾಲಿಗೆ ಅದು ದಕ್ಕಿತೆಂದು ಹೇಳಲಾಗುವುದಿಲ್ಲ.

ಹಾಗಾದರೆ ಉಳಿತಾಯವೇ ತಪ್ಪೇ? ಮುಪ್ಪಿಗೆ, ಕಾಯಿಲೆಗೆ, ಮಕ್ಕಳ ಓದಿಗೆ ತೆಗೆದಿಡುವುದು ಪಾಪವೇ? ಈ ಪ್ರಶ್ನೆಗೆ ಜೈನಧರ್ಮವು ಸ್ಪಷ್ಟವಾದ ಉತ್ತರ ಕೊಟ್ಟಿದೆ. ಮುನಿಗಳಿಗೆ ಅಪರಿಗ್ರಹವು ಮಹಾವ್ರತ. ಅವರಿಗೆ ಪೂರ್ಣ ತ್ಯಾಗ. ಗೃಹಸ್ಥರಾದ ಶ್ರಾವಕರಿಗೆ ಅದೇ ಅಣುವ್ರತವಾಗಿ ‘ಪರಿಗ್ರಹ ಪರಿಮಾಣ’ ಎನಿಸುತ್ತದೆ. ಅಂದರೆ ಹೊಲ, ಮನೆ, ಚಿನ್ನ, ಧಾನ್ಯ ಇವುಗಳಿಗೆ ‘ಇಷ್ಟು ಸಾಕು’ ಎಂಬ ಮಿತಿಯನ್ನು ತಾನೇ ಮುಂಚಿತವಾಗಿ ಹಾಕಿಕೊಳ್ಳುವುದು. ತತ್ತ್ವಾರ್ಥಸೂತ್ರವಂತೂ ಪರಿಗ್ರಹದ ಲಕ್ಷಣವನ್ನು ವಸ್ತುವಿನಲ್ಲಿ ಹೇಳದೆ, ವಸ್ತುವಿನ ಮೇಲಿನ ಮೂರ್ಛೆಯಲ್ಲಿ, ಅಂದರೆ ಮಮಕಾರದಲ್ಲಿ ಹೇಳುತ್ತದೆ. ಬರಿಗೈಯವನೂ ಆಸೆಯಿಂದ ಪರಿಗ್ರಹಿಯಾಗಬಲ್ಲ. ಉಳ್ಳವನೂ ಮಿತಿಯರಿತರೆ ವ್ರತಿಯಾಗಬಲ್ಲ.

ಸಂಸ್ಕೃತದ ಈ ಪದವನ್ನು ಬಳಸದೆಯೇ ಅದರಂತೆ ಬಾಳಿದ ದಂಪತಿಗಳು ನಮ್ಮ ಕನ್ನಡ ನಾಡಿನಲ್ಲೇ ಇದ್ದರು. 12ನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದನಂತೆ. ಪತ್ನಿ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ತಿರುಗಿ ಕಳುಹಿಸಿದಳು. ಆ ಅಕ್ಕಿ ಕದ್ದದ್ದಲ್ಲ, ಬೇಡಿ ತಂದದ್ದೂ ಅಲ್ಲ. ಆದರೂ ನಾಳೆಗೆಂದು ಹೆಚ್ಚು ತಂದ ಆ ಮನಸ್ಸು ಅವಳಿಗೆ ಸರಿಕಾಣಲಿಲ್ಲ. ಅಸ್ತೇಯವನ್ನು ದಾಟಿ ಅಪರಿಗ್ರಹಕ್ಕೆ ಕಾಲಿಡುವ ಹೆಜ್ಜೆ ಇದೇ.

ಪತಂಜಲಿಗಳು ಈ ಯಮಕ್ಕೆ ಹೇಳುವ ಫಲ ವಿಲಕ್ಷಣವಾದುದು. ಅಪರಿಗ್ರಹದಲ್ಲಿ ಸ್ಥಿರವಾಗಿ ನಿಂತವನಿಗೆ ತನ್ನ ಜನ್ಮ ಏಕೆ, ಹೇಗೆ ಎಂಬುದರ ಅರಿವು ಮೂಡುತ್ತದೆಂದು 39ನೆಯ ಸೂತ್ರ ಹೇಳುತ್ತದೆ. ಇದನ್ನು ಪೂರ್ವಜನ್ಮದ ಜ್ಞಾನವೆಂದು ನಂಬುವವರು ನಂಬಲಿ. ನಮ್ಮ ಮಟ್ಟಿಗೆ ಸರಳವಾದ ತಾತ್ಪರ್ಯವೊಂದುಂಟು. ‘ನನ್ನದು ಎಷ್ಟು?’ ಎಂಬ ಲೆಕ್ಕ ನಿಂತ ಮೇಲಷ್ಟೇ ‘ನಾನು ಯಾರು?’ ಎಂಬ ಪ್ರಶ್ನೆಗೆ ಬಿಡುವು ದೊರೆಯುತ್ತದೆ.

ಊರು ಬಿಟ್ಟು ಬರುವಾಗ ನಮ್ಮಲ್ಲಿ ಅನೇಕರು ಒಂದು ಪೆಟ್ಟಿಗೆ, ಒಂದು ಹಾಸಿಗೆ ಸುರುಳಿಯೊಡನೆ ಬಂದವರು. ಇಂದು ಮನೆಯ ಅಟ್ಟಗಳು ತುಂಬಿವೆ. ಅವನ್ನು ಒಂದೇ ದಿನದಲ್ಲಿ ಬರಿದುಮಾಡಬೇಕೆಂದು ಯಾವ ಶಾಸ್ತ್ರವೂ ಗೃಹಸ್ಥರನ್ನು ಬಲವಂತಪಡಿಸುವುದಿಲ್ಲ. ಮನೆಮಂದಿ ಒಟ್ಟಿಗೆ ಕುಳಿತು, ಎಷ್ಟು ಸಾಕೆಂದು ಒಮ್ಮೆ ಮಾತನಾಡಿಕೊಂಡರೆ, ಐದನೆಯ ಯಮದ ಅಭ್ಯಾಸ ಅಲ್ಲಿಂದಲೇ ಆರಂಭವಾಗುತ್ತದೆ.