ವೀರ್ಯಾಣು: ಕಂಡ ಕಾಲ, ಎಣಿಸಿದ ಕಾಲ

ನೆದರ್ಲೆಂಡ್ಸಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೇವನ್‌ಹುಕ್, ತಾನೇ ತಯಾರಿಸಿದ ಒಂಟಿ ಮಸೂರದ ಸೂಕ್ಷ್ಮದರ್ಶಕದಲ್ಲಿ ದುಂಡು ತಲೆಯ, ನೀಳ ಬಾಲದ, ಬಳುಕುತ್ತ ಈಜುವ ಜೀವಿಗಳನ್ನು ಪುರುಷನ ವೀರ್ಯದಲ್ಲಿ ಕಂಡದ್ದು 1677ರಲ್ಲಿ. ಇವನ್ನು ಮೊದಲು ಅವನ ಗಮನಕ್ಕೆ ತಂದ ಯೋಹಾನ್ ಹಾಮ್ ಎಂಬ ವೈದ್ಯವಿದ್ಯಾರ್ಥಿಯ ಬಳಿ ಇದ್ದದ್ದು ಗೊನೊರಿಯಾ ರೋಗಿಯ ಸ್ರಾವ. ಆದ್ದರಿಂದ ಲೇವನ್‌ಹುಕ್ ಆರೋಗ್ಯವಂತನಾದ ತನ್ನ ವೀರ್ಯವನ್ನೇ ಪರೀಕ್ಷಿಸಿ, ಅದು ದಾಂಪತ್ಯದ ಸಹಜ ಕೂಟದಲ್ಲಿ ದೊರೆತದ್ದೆಂದು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷರಿಗೆ ಪತ್ರದಲ್ಲಿ ವಿವರಿಸಿದ, ಅಸಹ್ಯವೆನಿಸಿದರೆ ಪ್ರಕಟಿಸಬೇಡಿರೆಂದೂ ಕೋರಿದ. ವೀರ್ಯಾಣುವಿನ ಅಧ್ಯಯನ ಹುಟ್ಟಿದ ದಿನದಿಂದಲೇ ಸಂಕೋಚವೂ ಅದರ ಜೊತೆಗಿದೆ.

ಕಂಡದ್ದರ ಅರ್ಥ ತಿಳಿಯಲು ಎರಡು ಶತಮಾನಗಳೇ ಹಿಡಿದವು. ಹದಿನೆಂಟನೆಯ ಶತಮಾನದಲ್ಲಿ ಇಟಲಿಯ ಸ್ಪಲಾಂಜಾನಿ ಗಂಡು ಕಪ್ಪೆಗಳಿಗೆ ಮೇಣ ಹಚ್ಚಿದ ರೇಷ್ಮೆಯ ಪುಟ್ಟ ಚಡ್ಡಿ ತೊಡಿಸಿ ಹೆಣ್ಣುಗಳೊಡನೆ ಬಿಟ್ಟಾಗ ಮೊಟ್ಟೆಗಳು ಫಲಿಸಲಿಲ್ಲ. ಚಡ್ಡಿಯಲ್ಲಿ ಉಳಿದ ಹನಿಗಳನ್ನು ಸವರಿದ ಮೊಟ್ಟೆಗಳಿಂದ ಗೊದಮೊಟ್ಟೆಗಳು ಹೊರಬಂದವು. ಇಷ್ಟು ಅಚ್ಚುಕಟ್ಟಾದ ಪ್ರಯೋಗ ನಡೆಸಿದ ಆತನೇ ಫಲೀಕರಣದ ಶಕ್ತಿ ವೀರ್ಯಾಣುವಿನದಲ್ಲ, ದ್ರವದ್ದೆಂದು ನಂಬಿದ್ದು ಖೇದಕರ. 1824ರಲ್ಲಿ ಪ್ರೆವೋ ಮತ್ತು ಡ್ಯೂಮಾ ಎಂಬ ವಿಜ್ಞಾನಿಗಳು ವೀರ್ಯವನ್ನು ಸೋಸಿ, ವೀರ್ಯಾಣುವಿಲ್ಲದ ದ್ರವಕ್ಕೆ ಆ ಶಕ್ತಿಯಿಲ್ಲವೆಂದು ತೋರಿಸಿದರು. 1870ರ ದಶಕದಲ್ಲಿ ವಿಜ್ಞಾನಿ ಹೆರ್ಟ್‌ವಿಗ್, ಸೀ ಅರ್ಚಿನ್ ಎಂಬ ಮುಳ್ಳುಮೈಯ ಸಮುದ್ರಜೀವಿಯಲ್ಲಿ ವೀರ್ಯಾಣುವಿನ ಮತ್ತು ಅಂಡಾಣುವಿನ ಕೋಶಕೇಂದ್ರಗಳು ಕೂಡುವುದನ್ನು ಗುರುತಿಸಿದ.

ಆದರೂ ಮಕ್ಕಳಾಗದ ಮನೆಯಲ್ಲಿ ತಪ್ಪಿನ ಹೊರೆ ಹೆಣ್ಣಿನ ಮೇಲೆಯೇ ಉಳಿಯಿತು. ಕನ್ನಡದಲ್ಲಿಯೂ ಬಂಜೆ ಎಂಬುದು ಸ್ತ್ರೀವಾಚಕ. ಗಂಡಸಿಗೆ ಅನ್ವಯಿಸುವ ಷಂಡ ಎಂಬ ಮಾತು ಸಂಭೋಗದ ಅಸಾಮರ್ಥ್ಯವನ್ನು ಸೂಚಿಸುತ್ತದೆಯೇ ಹೊರತು, ದಾಂಪತ್ಯ ಸುಗಮವಾಗಿದ್ದೂ ವೀರ್ಯಾಣು ವಿರಳವಾಗಿರುವ ಸ್ಥಿತಿಯನ್ನಲ್ಲ. ಪೌರುಷ ಬೇರೆ, ಫಲವತ್ತತೆ ಬೇರೆ ಎಂಬುದು ಭಾಷೆಗೇ ನಿಲುಕಿರಲಿಲ್ಲ.

ಈ ಭೇದವನ್ನು ಸ್ಪಷ್ಟಪಡಿಸಿದ್ದು ಎಣಿಕೆ. 1929ರಲ್ಲಿ ಅಮೆರಿಕದ ಮ್ಯಾಕೋಂಬರ್ ಮತ್ತು ಸ್ಯಾಂಡರ್ಸ್ ವೀರ್ಯಾಣು ಗಣನೆಯನ್ನು ಸಂತಾನಶಕ್ತಿಯೊಡನೆ ಹೋಲಿಸಿದರು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪರೀಕ್ಷಾ ಕೈಪಿಡಿಯನ್ನು ಹೊರತಂದಿತು. ಅದರ 2021ರ ಆವೃತ್ತಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣುಗಳನ್ನು ಕೆಳಗಿನ ಉಲ್ಲೇಖ ಮಿತಿಯೆಂದು ಕೊಡುತ್ತದೆ; ಇದು ಪತ್ನಿ ಒಂದು ವರ್ಷದೊಳಗೆ ಗರ್ಭ ಧರಿಸಿದ ಪುರುಷರ ಅಳತೆಯಿಂದಲೇ ಬಂದದ್ದು, ಅವರಲ್ಲಿಯೂ ನೂರಕ್ಕೆ ಐವರ ಎಣಿಕೆ ಇದಕ್ಕಿಂತ ಕಡಿಮೆಯಿತ್ತು.