ಮೂರನೆಯ ವಾರದ ಕುಸಿತ: ಬಹುಹಂತದ ಸೈಕಲ್ ಸ್ಪರ್ಧೆಯಲ್ಲಿ ಫಾರ್ಮ್‌ನ ಏರುಪೇರು

ಇಟಲಿಯ ಮೂರು ವಾರದ ಸ್ಪರ್ಧೆಯಾದ ಜಿರೊ ದಿ ಇಟಾಲಿಯಾದಲ್ಲಿ 2018ರಲ್ಲಿ ಇಂಗ್ಲೆಂಡಿನ ಸೈಮನ್ ಯೇಟ್ಸ್ 13 ದಿನ ನಾಯಕನ ಗುಲಾಬಿ ಜೆರ್ಸಿ ತೊಟ್ಟಿದ್ದರು, ಮೂರು ಹಂತಗಳನ್ನು ಗೆದ್ದಿದ್ದರು. 18ನೆಯ ಹಂತದ ಕೊನೆಯ ಏರಿನಲ್ಲಿ ಎದುರಾಳಿ ಟಾಮ್ ಡುಮೊಲಾನ್‌ಗೆ 28 ಸೆಕೆಂಡು ಬಿಟ್ಟುಕೊಟ್ಟರು. ಮರುದಿನ ಕೊಲ್ಲೆ ದೆಲ್ಲೆ ಫಿನೆಸ್ತ್ರೆ ಘಾಟಿಯಲ್ಲಿ ಹಿಂದೆ ಬಿದ್ದವರು ಸುಮಾರು 39 ನಿಮಿಷ ಕಳೆದುಕೊಂಡರು. ಅದೇ ವರ್ಷ ಸ್ಪೇನಿನ ವುವೆಲ್ಟಾ ಗೆದ್ದರು. 2025ರಲ್ಲಿ ಅದೇ ಫಿನೆಸ್ತ್ರೆಯಲ್ಲಿ ಎದುರಾಳಿಗಳನ್ನು ಹಿಂದಿಕ್ಕಿ ಜಿರೊ ಪ್ರಶಸ್ತಿಯನ್ನೂ ಪಡೆದರು. ಇಂಥ ಏರುಪೇರನ್ನು ಕ್ರೀಡಾವರದಿಗಳು 'ಫಾರ್ಮ್ ಕೈಕೊಟ್ಟಿತು' ಎಂದು ಮುಗಿಸಿಬಿಡುತ್ತವೆ. ಕಳೆದುಕೊಂಡ ನಿಮಿಷಗಳು ಫಾರ್ಮ್‌ನ ಅಳತೆಗೋಲಲ್ಲ ಎಂಬುದು ಈ ಲೇಖನದ ವಾದ. ಯೇಟ್ಸ್‌ರ ವಿಷಯದಲ್ಲಿ ನಿಜವಾದ ಸುಳಿವು ಇದ್ದದ್ದು ಹಿಂದಿನ ದಿನದ ಆ 28 ಸೆಕೆಂಡುಗಳಲ್ಲಿ.

ಮೂರು ವಾರದ ಸ್ಪರ್ಧೆಯೆಂದರೆ 21 ಹಂತ, ಸುಮಾರು 3,400 ಕಿಲೋಮೀಟರ್, ನಡುವೆ ಎರಡೋ ಮೂರೋ ವಿಶ್ರಾಂತಿಯ ದಿನ. 1984ರ ಟೂರ್ ದ ಫ್ರಾನ್ಸ್‌ನಲ್ಲಿ ಡಚ್ ಸಂಶೋಧಕರು ಅಳೆದಾಗ ಸವಾರರ ದಿನದ ಶಕ್ತಿವ್ಯಯ ಸರಾಸರಿ 6,000 ಕಿಲೋಕ್ಯಾಲರಿಯ ಆಸುಪಾಸಿನಲ್ಲಿತ್ತು. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಡಬಹುದಾದ ಗ್ಲೈಕೋಜನ್ ಅರ್ಧ ಕಿಲೋದಷ್ಟು, ಅಂದರೆ ಹೆಚ್ಚೆಂದರೆ 2,000 ಕಿಲೋಕ್ಯಾಲರಿ. ಬರಿದಾದ ಈ ಕಣಜವನ್ನು ಪ್ರತಿ ರಾತ್ರಿ ತುಂಬಬೇಕು. ಒಂದು ರಾತ್ರಿ ಹೊಟ್ಟೆ ಕೆಟ್ಟರೂ, ನಿದ್ದೆ ಬಾರದಿದ್ದರೂ ಮರುದಿನದ ಏರಿನಲ್ಲಿ ಅದು ಕಾಣುತ್ತದೆ. ಐದು ಬಾರಿ ಟೂರ್ ಗೆದ್ದಿದ್ದ ಮಿಗೆಲ್ ಇಂದುರೈನ್ 1996ರಲ್ಲಿ ಲೇಜಾರ್ಕ್ ಏರಿನಲ್ಲಿ ಮೂರು ನಿಮಿಷಕ್ಕೂ ಹೆಚ್ಚು ಕಳೆದುಕೊಂಡದ್ದು ಶಕ್ತಿ ಬರಿದಾಗಿ. ದಿನಗಳು ಉರುಳಿದಂತೆ ರಕ್ತದ ದ್ರವಾಂಶ ಹೆಚ್ಚಿ ಹಿಮೊಗ್ಲೋಬಿನ್‌ನ ಸಾಂದ್ರತೆ ಇಳಿಯುತ್ತದೆ, ಹೃದಯದ ಬಡಿತ ಮೊದಲ ವಾರದಷ್ಟು ಮೇಲೇರುವುದಿಲ್ಲ.

ಇಲ್ಲಿ ಒಂದು ಲೆಕ್ಕ ಮಾಡಬೇಕು. ಕಡಿದಾದ ಏರಿನಲ್ಲಿ ಸಮಯವು ಶಕ್ತಿಗೆ ಹೆಚ್ಚುಕಡಿಮೆ ವಿಲೋಮಾನುಪಾತದಲ್ಲಿರುತ್ತದೆ. 400 ವ್ಯಾಟ್‌ನಲ್ಲಿ 40 ನಿಮಿಷದಲ್ಲಿ ಏರುವವನು 360 ವ್ಯಾಟ್‌ಗೆ ಇಳಿದರೆ 44 ನಿಮಿಷ ತೆಗೆದುಕೊಳ್ಳುತ್ತಾನೆ. ಶೇಕಡಾ 10ರ ಕೊರತೆಗೆ ಸುಮಾರು 4 ನಿಮಿಷ ನಷ್ಟ. ಗುಂಪಿನಿಂದ ಕಳಚಿಕೊಂಡವನಿಗೆ ಮುಂದೆ ಗಾಳಿಯ ಮರೆಯೂ ಇಲ್ಲ. ಗೆಲುವು ಕೈಬಿಟ್ಟಿತೆಂದು ಖಚಿತವಾದ ಮೇಲೆ ಅವನು ಉಳಿದ ಬಲವನ್ನು ಮರುದಿನಕ್ಕೆ ಕಾದಿಟ್ಟುಕೊಳ್ಳುತ್ತಾನೆ. ಹಾಗಾಗಿ ಯೇಟ್ಸ್‌ರ 39 ನಿಮಿಷದಲ್ಲಿ ದೇಹದ ಪಾಲೆಷ್ಟು, ತೀರ್ಮಾನದ ಪಾಲೆಷ್ಟು ಎಂದು ಫಲಿತಾಂಶದ ಪಟ್ಟಿ ಹೇಳಲಾರದು. 2024ರ ಟೂರ್‌ನ ಮೊದಲ ದಿನ, ಫ್ಲಾರೆನ್ಸ್‌ನಿಂದ ರಿಮಿನಿಗೆ ಹೋಗುವ ಸುಡುಬಿಸಿಲಿನಲ್ಲಿ ಮಾರ್ಕ್ ಕ್ಯಾವೆಂಡಿಶ್ ವಾಂತಿ ಮಾಡಿಕೊಂಡು, ವಿಜೇತನಿಗಿಂತ 39 ನಿಮಿಷದಷ್ಟು ತಡವಾಗಿ ತಲುಪಿದರು. ಐದನೆಯ ಹಂತದಲ್ಲಿ ತಮ್ಮ 35ನೆಯ ಟೂರ್ ಹಂತ ಗೆದ್ದು ದಾಖಲೆ ಬರೆದರು.

ಹಠಾತ್ ಚೇತರಿಕೆಯನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. 2006ರ ಟೂರ್‌ನಲ್ಲಿ ಫ್ಲಾಯ್ಡ್ ಲ್ಯಾಂಡಿಸ್ ಒಂದು ದಿನ ಕುಸಿದು ಮರುದಿನವೇ ಒಂಟಿಯಾಗಿ ಗೆದ್ದರು. ಟೆಸ್ಟೊಸ್ಟೆರಾನ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಟೂರ್ ಪ್ರಶಸ್ತಿಯನ್ನೇ ಕಳೆದುಕೊಂಡರು. ಸವಾರರ ರಕ್ತದ ದಾಖಲೆಯನ್ನು ವರ್ಷಗಟ್ಟಲೆ ಹೋಲಿಸಿ ನೋಡುವ ಜೈವಿಕ ಪಾಸ್‌ಪೋರ್ಟ್ 2008ರಲ್ಲಿ ಬಂತು. ಅದರ ಕಣ್ಣಿಗೆ ಮೂರನೆಯ ವಾರದಲ್ಲಿ ಹಿಮೊಗ್ಲೋಬಿನ್ ಇಳಿಯುವುದು ಸಹಜ. ಇಳಿಯದಿರುವುದೇ ಅನುಮಾನಕ್ಕೆ ಎಡೆ.

ನಮ್ಮ ಸುತ್ತಿನ ಸಂಗತಿ ಬೇರೆ. ನವಿ ಮುಂಬಯಿಯ ನೆರೂಳದ ಪಾಮ್ ಬೀಚ್ ರಸ್ತೆ ವಾಶಿಯಿಂದ ಬೇಲಾಪುರದವರೆಗೆ ಖಾಡಿಯ ಪಕ್ಕದಲ್ಲಿ ಸಪಾಟಾಗಿ ಸಾಗುತ್ತದೆ. ಮುಂಜಾನೆ ಅಲ್ಲಿ ಸೈಕಲ್ ತುಳಿಯುವವರಿಗೆ ಏರಿನ ಪರೀಕ್ಷೆ ಇಲ್ಲ; ತೇವದ ಗಾಳಿಯಲ್ಲಿ ಬೆವರು ಆರದೆ ಮೈ ಕಾಯುವ ಪರೀಕ್ಷೆ ಉಂಟು. ಹಳೆಯ ಮುಂಬಯಿ–ಪುಣೆ ಸ್ಪರ್ಧೆಯಲ್ಲಿ ಬೋರ್ ಘಾಟ್‌ ಮೊದಲು ಏರಿದವರಿಗೆ 'ಘಾಟಾಚಾ ರಾಜಾ' ಎಂಬ ಬಿರುದು ಸಿಗುತ್ತದೆ. ಅದು ಒಂದೇ ದಿನದ ಕಥೆ. ವಿಜಯಪುರ, ಬಾಗಲಕೋಟೆಯಂಥ ಜಿಲ್ಲೆಗಳು ದಶಕಗಳಿಂದ ಒಳ್ಳೆಯ ಸವಾರರನ್ನು ಕೊಟ್ಟಿವೆ, ಆದರೆ ಅವರನ್ನೂ ನಾವು ಅಳೆಯುವುದು ಒಂದು ದಿನದ ಪದಕದಿಂದಲೇ. 2026ರ ಜನವರಿಯಲ್ಲಿ ಪುಣೆಯಲ್ಲಿ ನಡೆದ ಅಂತಾರಾಷ್ಟ್ರೀಯ ಸ್ಪರ್ಧೆಯೂ ಐದೇ ದಿನದ್ದು. ಎರಡನೆಯ ವಾರದಲ್ಲಿ ನಮ್ಮ ಹುಡುಗ ಹುಡುಗಿಯರ ದೇಹ ಹೇಗೆ ವರ್ತಿಸುತ್ತದೆ ಎಂಬುದನ್ನು ತೋರಿಸುವ ಸ್ಪರ್ಧೆಯೇ ನಮ್ಮಲ್ಲಿಲ್ಲ.

ಅಂಥ ಸ್ಪರ್ಧೆ ಬರುವವರೆಗೆ ತರಬೇತುದಾರರು ಕಾಯಬೇಕಿಲ್ಲ. ಬೆಳಗಿನ ನಾಡಿಬಡಿತ, ದೇಹದ ತೂಕ, ನಿದ್ದೆ, ಊಟ, ದಣಿದ ಮೇಲಿನ ಐದು ನಿಮಿಷದ ಶಕ್ತಿ ಇಷ್ಟನ್ನು ದಿನವೂ ಬರೆದಿಡಲು ಒಂದು ನೋಟ್‌ಬುಕ್ಕು ಸಾಕು. ಒಂದು ಕೆಟ್ಟ ದಿನಕ್ಕಾಗಿ ಯಾವ ಸವಾರನನ್ನೂ ತಂಡದಿಂದ ಕೈಬಿಡುವ ಮೊದಲು ಆಯ್ಕೆಗಾರರು ಆ ಪುಟಗಳನ್ನು ಓದಲಿ.